ಆಡಿದ್ದು ಕಡಿಮೆ, ಅಭಿಮಾನಿಗಳು ಜಾಸ್ತಿ: ರಿಯೊ ಮಿಯಾಯಿಚಿ ಆನ್‌ಲೈನ್‌ನಲ್ಲಿ ಇಷ್ಟು ಫೇಮಸ್ ಯಾಕೆ?

ಪ್ರಶ್ನೆ: ನನ್ನ ಮಗ ಹತ್ತನೇ ಕ್ಲಾಸು. ಶಾಲೆ ಫುಟ್‌ಬಾಲ್ ಟೀಮ್‌ನಲ್ಲಿ ಲೆಫ್ಟ್ ವಿಂಗ್ ಆಡುತ್ತಾನೆ. ಅವನ ಮೊಬೈಲ್ ತುಂಬ ರಿಯೊ ಮಿಯಾಯಿಚಿ ಅನ್ನೋ ಜಪಾನಿ ಆಟಗಾರನ ವಿಡಿಯೊಗಳು. ಕುತೂಹಲಕ್ಕೆ ನಾನೂ ಹುಡುಕಿದೆ. ಇಂಗ್ಲೆಂಡಿನ ಆರ್ಸೆನಲ್ ಕ್ಲಬ್ಬಿಗೆ ಆಡಿದ್ದು ಬೆರಳೆಣಿಕೆಯಷ್ಟು ಪಂದ್ಯ. ಜಪಾನ್ ತಂಡಕ್ಕೂ ಅಷ್ಟೇ. ಒಂದು ವಿಶ್ವಕಪ್ಪೂ ಆಡಿಲ್ಲ. ಆದರೂ ವಿಡಿಯೊಗಳ ಕೆಳಗೆ ಎಲ್ಲೆಲ್ಲಿಯವರೋ ಬಂದು ಕಾಮೆಂಟ್ ಹಾಕಿದ್ದಾರೆ. ಇದು ನಿಜವಾದ ಅಭಿಮಾನವೋ, ದುಡ್ಡು ಕೊಟ್ಟು ಮಾಡಿಸಿದ್ದೋ? ಇಂಥ ಕ್ಲಿಪ್ ನೋಡಿ ಹುಡುಗ ಆಟ ಕಲಿಯೋಕಾಗುತ್ತಾ?

ಉತ್ತರ: ನಿಮ್ಮ ಅನುಮಾನ ಸಹಜ. ಆದರೆ ದುಡ್ಡು ಕೊಟ್ಟು ತರಿಸಿದ ಜನ ಹೀಗೆ ನಡೆದುಕೊಳ್ಳುವುದಿಲ್ಲ. ಅವರು ಒಂದು ಹಾರ್ಟ್ ಒತ್ತಿ ಮಾಯವಾಗುತ್ತಾರೆ. ಮಿಯಾಯಿಚಿ ವಿಡಿಯೊಗಳ ಕೆಳಗಿರುವವರು ಅವರ ಗಾಯಗೊಂಡ ಮೊಣಕಾಲಿನ ಬಗ್ಗೆ ವಿಚಾರಿಸುತ್ತಾರೆ, ಹಳೇ ಪಂದ್ಯ ನೆನಪಿಸುತ್ತಾರೆ, ತಮ್ಮತಮ್ಮಲ್ಲೇ ವಾದ ಮಾಡುತ್ತಾರೆ. ಅದು ನಿಜವಾದ ಅಭಿಮಾನವೇ.

ಆದರೆ ಒಂದು ವಿಷಯ ಗಮನಿಸಬೇಕು. ಈ ಮನುಷ್ಯ ಎರಡು ಸಲ ಫೇಮಸ್ ಆದವರು, ಅದೂ ಪೂರ್ತಿ ಉಲ್ಟಾ ಕಾರಣಗಳಿಗೆ. 2011ರಲ್ಲಿ ಕಾಲಿನ ವೇಗಕ್ಕೆ. 2022ರಲ್ಲಿ ಅದೇ ಕಾಲು ಮತ್ತೆ ಕೈಕೊಟ್ಟಿದ್ದಕ್ಕೆ. ನೀವು ನೋಡುತ್ತಿರುವ ಕಾಮೆಂಟ್‌ಗಳಲ್ಲಿ ಈ ಎರಡೂ ಕಾರಣಕ್ಕೆ ಬಂದ ಗುಂಪುಗಳು ಸೇರಿಕೊಂಡಿವೆ. ಅದನ್ನು ಬಿಡಿಸಿ ನೋಡದಿದ್ದರೆ ಏನೂ ಅರ್ಥ ಆಗುವುದಿಲ್ಲ.

ಮೊದಲ ಕಥೆಯಿಂದ ಶುರು ಮಾಡೋಣ. ಮಿಯಾಯಿಚಿ ಹುಟ್ಟಿದ್ದು 1992ರ ಡಿಸೆಂಬರ್ 14ರಂದು, ಜಪಾನ್‌ನ ಐಚಿ ಪ್ರಾಂತ್ಯದ ಒಕಜಾಕಿ ಊರಲ್ಲಿ. ಜಪಾನ್‌ನಲ್ಲಿ ಹೈಸ್ಕೂಲ್ ಫುಟ್‌ಬಾಲ್ ಅಂದರೆ ಸಣ್ಣ ವಿಷಯ ಅಲ್ಲ. ಚಳಿಗಾಲದಲ್ಲಿ ನಡೆಯುವ ರಾಷ್ಟ್ರೀಯ ಹೈಸ್ಕೂಲ್ ಟೂರ್ನಿ ಟಿವಿಯಲ್ಲಿ ಬರುತ್ತದೆ, ದೇಶವೇ ನೋಡುತ್ತದೆ. ಅಂಥ ಟೂರ್ನಿ ಆಡುವ ಚುಕ್ಯೊ ಹೈಸ್ಕೂಲ್‌ನ ಹುಡುಗ ಈತ. ಶಾಲೆ ಮುಗಿಸುವ ಮೊದಲೇ, 2010ರ ಡಿಸೆಂಬರ್‌ನಲ್ಲಿ, ಆರ್ಸೆನಲ್ ಈತನನ್ನು ತೆಗೆದುಕೊಂಡಿತು. ಆಗ ಕೋಚ್ ಆರ್ಸೆನ್ ವೆಂಗರ್. ಅವರು ಇಂಗ್ಲೆಂಡಿಗೆ ಬರುವ ಮೊದಲು, 1995–96ರಲ್ಲಿ, ನಗೋಯಾ ಗ್ರಾಂಪಸ್ ತಂಡಕ್ಕೆ ಕೋಚ್ ಆಗಿದ್ದವರು. ನಗೋಯಾ ಇರುವುದೂ ಐಚಿಯಲ್ಲೇ. ಆ ಸೀಮೆ ಅವರಿಗೆ ಗೊತ್ತಿದ್ದದ್ದೇ.

ಇಲ್ಲೇ ಮೊದಲ ಗುಟ್ಟಿದೆ. ಮಿಯಾಯಿಚಿ ಆಗ ಜಪಾನ್‌ನ ಜೆ ಲೀಗ್‌ನಲ್ಲಿ ಒಂದು ಪಂದ್ಯವನ್ನೂ ಆಡಿರಲಿಲ್ಲ. ಶಾಲೆಯಿಂದ ನೇರ ಆರ್ಸೆನಲ್! ಒಬ್ಬ ಆಟಗಾರ ನೂರು ಪಂದ್ಯ ಆಡಿದ್ದರೆ ಅವನ ಒಳ್ಳೆಯದು, ಕೆಟ್ಟದ್ದು ಎಲ್ಲ ಜನರಿಗೆ ಗೊತ್ತಿರುತ್ತದೆ. ಏನೂ ಆಡದವನ ಬಗ್ಗೆ ಯಾರು ಏನು ಬೇಕಾದರೂ ಅಂದುಕೊಳ್ಳಬಹುದು. ಆರ್ಸೆನಲ್ ಅಭಿಮಾನಿಗಳು ಅಂದುಕೊಂಡರು, ತುಂಬಾ ದೊಡ್ಡದಾಗಿಯೇ.

ಇಂಗ್ಲೆಂಡಿನಲ್ಲಿ ಆಡಲು ವರ್ಕ್ ಪರ್ಮಿಟ್ ಬೇಕು. ಆಗಿನ ನಿಯಮದ ಪ್ರಕಾರ ಹಿಂದಿನ ಎರಡು ವರ್ಷಗಳಲ್ಲಿ ತನ್ನ ದೇಶದ ಸೀನಿಯರ್ ತಂಡದ ಪಂದ್ಯಗಳಲ್ಲಿ ಶೇ. 75ರಷ್ಟಾದರೂ ಆಡಿರಬೇಕಿತ್ತು. ಶಾಲೆ ಹುಡುಗನಿಗೆ ಅದೆಲ್ಲಿಂದ ಬರಬೇಕು? ಹಾಗಾಗಿ 2011ರ ಜನವರಿ ಕೊನೆಗೆ ಆತನನ್ನು ಲೋನ್ ಮೇಲೆ, ಅಂದರೆ ಸ್ವಲ್ಪ ಕಾಲಕ್ಕೆ ಎರವಲಾಗಿ, ನೆದರ್ಲೆಂಡ್ಸ್‌ನ ಫೆಯೆನೂರ್ಡ್ ತಂಡಕ್ಕೆ ಕಳಿಸಿದರು.

ಆಗ ಫೆಯೆನೂರ್ಡ್ ಇದ್ದ ಸ್ಥಿತಿ ನೆನಪಿಡಿ. 2010ರ ಅಕ್ಟೋಬರ್‌ನಲ್ಲಿ ಪಿಎಸ್‌ವಿ ಎದುರು 10–0 ಅಂತರದಲ್ಲಿ ಸೋತಿದ್ದ ತಂಡ ಅದು. ದೊಡ್ಡ ಹೆಸರಿನ ಕ್ಲಬ್ಬು, ಕೈಯಲ್ಲಿ ದುಡ್ಡಿಲ್ಲ, ತಂಡದ ತುಂಬ ಚಿಕ್ಕ ಹುಡುಗರು. ಅಭಿಮಾನಿಗಳು ಒಂದು ಖುಷಿಗಾಗಿ ಕಾಯುತ್ತಿದ್ದರು. ಅಲ್ಲಿಗೆ ಹದಿನೆಂಟರ ಈ ಹುಡುಗ ಬಂದ. ಮೊದಲ ಪಂದ್ಯದಲ್ಲೇ ಎಲ್ಲರ ಕಣ್ಣಿಗೆ ಬಿದ್ದ. ಎರಡನೇ ಪಂದ್ಯದಲ್ಲಿ, ತವರು ಮೈದಾನದಲ್ಲಿ, ಹೆರಾಕ್ಲೆಸ್ ವಿರುದ್ಧ ಗೋಲು ಹೊಡೆದ. ಡಚ್ ಪತ್ರಿಕೆಗಳು ರೊನಾಲ್ಡಿನ್ಯೊ ಹೆಸರು ಸೇರಿಸಿ ‘ರಿಯೊಡಿನ್ಯೊ’ ಅಂತ ಕರೆದವು. ಆ ಅರ್ಧ ಸೀಸನ್‌ನಲ್ಲಿ ಒಟ್ಟು 12 ಪಂದ್ಯ, 3 ಗೋಲು. ಅಷ್ಟೇ. ಆದರೆ ಹೆಸರು ಹರಡಲು ಅಷ್ಟು ಸಾಕಾಯಿತು.

ನಿಮ್ಮ ಮಗ ನೋಡುವ ವಿಡಿಯೊಗಳಲ್ಲಿ ಆ ಕಾಲದವೂ ಇದ್ದೇ ಇರುತ್ತವೆ. ಒಂದನ್ನು ಅವನ ಜೊತೆ ಕೂತು ನಿಧಾನವಾಗಿ ನೋಡಿ. ಚಿತ್ರ ಅಷ್ಟು ಸ್ಪಷ್ಟ ಇರುವುದಿಲ್ಲ, ಹಿಂದೆ ಜೋರು ಮ್ಯೂಸಿಕ್. ಎಡಗಡೆ ಗೆರೆಯ ಪಕ್ಕ ಬಾಲ್ ಸಿಗುತ್ತದೆ. ಮಿಯಾಯಿಚಿ ಅದನ್ನು ಡಿಫೆಂಡರ್‌ನ ಆಚೆಗೆ ಉದ್ದಕ್ಕೆ ತಳ್ಳಿ ಓಡುತ್ತಾರೆ. ಡಿಫೆಂಡರ್ ತಿರುಗುವಷ್ಟರಲ್ಲಿ ಇವರು ದಾಟಿಯಾಗಿದೆ. ನೋಡೋಕೆ ಮಜಾ, ಫುಟ್‌ಬಾಲ್ ಗೊತ್ತಿಲ್ಲದವರಿಗೂ ಅರ್ಥ ಆಗುತ್ತದೆ. ಒಳ್ಳೆ ಪಾಸ್ ಅಥವಾ ಸರಿಯಾದ ಜಾಗದಲ್ಲಿ ನಿಲ್ಲುವುದು ಹಾಗಲ್ಲ. ಅದನ್ನು ಮೆಚ್ಚಲು ಇಡೀ ಮೈದಾನ ಕಾಣಬೇಕು. ಓಟಕ್ಕೆ ಹತ್ತು ಸೆಕೆಂಡ್ ಸಾಕು. ಅದಕ್ಕೇ ನೆಟ್‌ನಲ್ಲಿ ಬೇಗ ಓಡುವವರಿಗೆ ಯಾವಾಗಲೂ ಜಾಸ್ತಿ ಮಾರ್ಕೆಟ್ಟು.

ಜೊತೆಗೆ ಕಂಪ್ಯೂಟರ್ ಗೇಮ್‌ಗಳು. ಫುಟ್‌ಬಾಲ್ ಮ್ಯಾನೇಜರ್ ಥರದ ಆಟಗಳಲ್ಲಿ ಚಿಕ್ಕ ವಯಸ್ಸಿನ, ಜೋರು ಓಟದ ಆಟಗಾರ ಸಿಕ್ಕರೆ ಹುಡುಗರು ಬಿಡುವುದಿಲ್ಲ. ಕಡಿಮೆ ದುಡ್ಡಿಗೆ ಕೊಂಡು ವಿಶ್ವದ ನಂಬರ್ ಒನ್ ಮಾಡುತ್ತಾರೆ. ಇದು ಹಳೇ ಚಟ. ಚೆರ್ನೊ ಸಾಂಬಾ ಅಂತ ಒಬ್ಬರಿದ್ದರು, ‘ಚಾಂಪಿಯನ್‌ಶಿಪ್ ಮ್ಯಾನೇಜರ್ 01/02’ ಗೇಮ್‌ನಲ್ಲಿ ಅವರೇ ರಾಜ. ನಿಜ ಮೈದಾನದಲ್ಲಿ ಅವರ ವೃತ್ತಿ ಸಾಧಾರಣವಾಗಿಯೇ ಉಳಿಯಿತು. ಆದರೂ ಇವತ್ತಿಗೂ ಅವರ ಹೆಸರು ಹೇಳಿದರೆ ಒಂದು ತಲೆಮಾರಿನ ಮುಖ ಅರಳುತ್ತದೆ. ಅದೇ ಗೇಮ್‌ನಲ್ಲಿ ಟೊ ಮದೇರಾ ಅಂತ ಇನ್ನೊಬ್ಬ ಸೂಪರ್‌ಸ್ಟಾರ್ ಇದ್ದ. ತಮಾಷೆ ಅಂದರೆ ಆ ಹೆಸರಿನ ಅಂಥ ಆಟಗಾರ ನಿಜದಲ್ಲಿ ಇರಲೇ ಇಲ್ಲ!

ಇದಕ್ಕಿಂತ ಮಜಾ ಇನ್ನೊಂದಿದೆ. 2009ರ ಜನವರಿಯಲ್ಲಿ ಲಂಡನ್ನಿನ ‘ದಿ ಟೈಮ್ಸ್’ ಪತ್ರಿಕೆ ಬೆಳೆಯುತ್ತಿರುವ 50 ಆಟಗಾರರ ಪಟ್ಟಿ ಹಾಕಿತು. ಅದರಲ್ಲಿ ಮಸಲ್ ಬುಗ್ದುವ್ ಅನ್ನುವ ಮಾಲ್ಡೋವಾದ ಹದಿನಾರರ ಹುಡುಗನೂ ಇದ್ದ. ಆಮೇಲೆ ನೋಡಿದರೆ ಅಂಥ ಹುಡುಗನೇ ಇಲ್ಲ. ಯಾರೋ ನೆಟ್‌ನಲ್ಲಿ ಸುಮ್ನೆ ಹುಟ್ಟಿಸಿದ ಹೆಸರು. ಇಲ್ಲದವನೇ ಇಷ್ಟು ದೂರ ಹೋಗಬಹುದಾದರೆ, ನಿಜವಾಗಿಯೂ ಗಾಳಿಯಂತೆ ಓಡುತ್ತಿದ್ದ ಮಿಯಾಯಿಚಿ ಹೋಗಿದ್ದರಲ್ಲಿ ಆಶ್ಚರ್ಯ ಏನಿದೆ?

ನೀವು ಕೇಳಿದ ಹಾಗೆಯೇ ಆಗಲೂ ಒಂದು ಅನುಮಾನ ಇತ್ತು. ಏಷ್ಯಾದ ಆಟಗಾರ ಯುರೋಪಿನ ದೊಡ್ಡ ಕ್ಲಬ್ಬಿಗೆ ಬಂದರೆ ‘ಜೆರ್ಸಿ ಮಾರೋಕೆ ಕರ್ಕೊಂಡು ಬಂದಿದ್ದಾರೆ’ ಅನ್ನುವ ಮಾತು ಬಂದೇ ಬರುತ್ತಿತ್ತು. 2001ರಲ್ಲಿ ಇದೇ ಆರ್ಸೆನಲ್‌ಗೆ ಜುನಿಚಿ ಇನಾಮೊಟೊ ಬಂದಾಗ ಜನ ಹಾಗೇ ಆಡಿಕೊಂಡರು. ಪ್ರೀಮಿಯರ್ ಲೀಗ್‌ನಲ್ಲಿ ಆರ್ಸೆನಲ್ ಪರ ಒಂದು ಪಂದ್ಯವೂ ಅವರಿಗೆ ಸಿಗಲಿಲ್ಲ. ಆಮೇಲೆ 2002ರ ವಿಶ್ವಕಪ್‌ನಲ್ಲಿ ಬೆಲ್ಜಿಯಂ ಮತ್ತು ರಷ್ಯಾ ವಿರುದ್ಧ ಗೋಲು ಹೊಡೆದು ಬಾಯಿ ಮುಚ್ಚಿಸಿದರು. ನನ್ನ ಪ್ರಕಾರ ಈ ಜೆರ್ಸಿ ಮಾತಿನಲ್ಲಿ ಅರ್ಧ ನಿಜ, ಅರ್ಧ ತಾತ್ಸಾರ. ಕ್ಲಬ್ಬಿಗೆ ಜಪಾನ್ ಮಾರುಕಟ್ಟೆ ಬೇಡ ಅಂತಲ್ಲ. ಆದರೆ ಜೆರ್ಸಿ ಮಾರೋಕೆ ಬೇಕಾದವನು ಆಗಲೇ ಹೆಸರು ಮಾಡಿದವನು, ಹೈಸ್ಕೂಲ್ ಹುಡುಗ ಅಲ್ಲ.

ಮುಂದಿನ ನಾಲ್ಕೈದು ವರ್ಷ ಬೇಗ ಹೇಳಿ ಮುಗಿಸುತ್ತೇನೆ. 2011ರ ಆಗಸ್ಟ್‌ನಲ್ಲಿ ವಿಶೇಷ ಪ್ರತಿಭೆ ಅಂತ ಪರ್ಮಿಟ್ ಸಿಕ್ಕಿತು. ಸೆಪ್ಟೆಂಬರ್‌ನಲ್ಲಿ ಶ್ರೂಸ್‌ಬರಿ ವಿರುದ್ಧ ಲೀಗ್ ಕಪ್ ಪಂದ್ಯದಲ್ಲಿ ಬದಲಿ ಆಟಗಾರನಾಗಿ ಇಳಿದರು. 2012ರಲ್ಲಿ ಬೋಲ್ಟನ್‌ಗೆ ಲೋನ್, ಅಲ್ಲಿ ಚೆನ್ನಾಗಿ ಆಡಿದರು, ಎಫ್‌ಎ ಕಪ್‌ನಲ್ಲಿ ಮಿಲ್ವಾಲ್ ವಿರುದ್ಧ ಗೋಲು ಹೊಡೆದರು. ಅದೇ ಮೇ ತಿಂಗಳಲ್ಲಿ ಜಪಾನ್ ತಂಡಕ್ಕೆ ಮೊದಲ ಪಂದ್ಯ. ನಂತರ ಇಂಗ್ಲೆಂಡಿನದೇ ವಿಗನ್ ಕ್ಲಬ್ಬಿನಲ್ಲಿ ಪಾದದ ಕೀಲಿಗೆ ಪೆಟ್ಟು. ನೆದರ್ಲೆಂಡ್ಸ್‌ನ ಟ್ವೆಂಟೆ ಕ್ಲಬ್ಬಿನಲ್ಲೂ ಕಾಲೂರಲಾಗಲಿಲ್ಲ. 2015ರಲ್ಲಿ ಆರ್ಸೆನಲ್ ಕೈಬಿಟ್ಟಿತು. ಮೊದಲ ಗುಂಪಿನ ಅಭಿಮಾನಿಗಳು ಹೆಚ್ಚುಕಡಿಮೆ ಇಲ್ಲಿಗೆ ಚದುರಿಹೋದರು. ಅವರಿಗೆ ಹೊಸ ಹುಡುಗರು ಸಿಕ್ಕಿದ್ದರು, ಹೊಸ ಕ್ಲಿಪ್‌ಗಳು ಸಿಕ್ಕಿದ್ದವು. ‘ಆ ಜಪಾನಿ ಹುಡುಗ ಏನಾದ?’ ಅಂತ ವರ್ಷಕ್ಕೊಮ್ಮೆ ಯಾರೋ ಕೇಳುತ್ತಿದ್ದರು, ಅಷ್ಟೇ.

ಎರಡನೇ ಕಥೆ ಶುರುವಾಗುವುದು ಜರ್ಮನಿಯಲ್ಲಿ. ಹ್ಯಾಂಬರ್ಗ್‌ನ ಸೇಂಟ್ ಪೌಲಿ ಕ್ಲಬ್ಬು ಮಿಯಾಯಿಚಿಯನ್ನು ತೆಗೆದುಕೊಂಡಿತು. ಆಗ ಎರಡನೇ ದರ್ಜೆಯ ತಂಡ, ಆದರೆ ತಲೆಬುರುಡೆ ಬಾವುಟ ಹಿಡಿದ ಅದರ ಅಭಿಮಾನಿಗಳು ಜಗತ್ತಿನಲ್ಲೆಲ್ಲ ಇದ್ದಾರೆ. ಅಲ್ಲಿನವರು ಗೆದ್ದಾಗಷ್ಟೇ ಬರುವ ಜನ ಅಲ್ಲ. ಸೇರಿದ ತಿಂಗಳಲ್ಲೇ, 2015ರ ಜುಲೈನಲ್ಲಿ, ರಾಯೊ ವಯೆಕಾನೊ ವಿರುದ್ಧದ ಸ್ನೇಹ ಪಂದ್ಯದಲ್ಲಿ ಎಡ ಮೊಣಕಾಲಿನ ಲಿಗಮೆಂಟ್ ಹರಿಯಿತು. ವಾಪಸ್ ಬಂದರು. 2017ರಲ್ಲಿ ಪ್ರಾಕ್ಟೀಸ್ ಮಾಡುವಾಗ ಬಲ ಮೊಣಕಾಲಿನದು ಹರಿಯಿತು. ಮತ್ತೆ ವಾಪಸ್ ಬಂದರು.

ಇದು ಎಸಿಎಲ್ ಅನ್ನುವ ಲಿಗಮೆಂಟ್. ಮೊಣಕಾಲಿನ ಒಳಗೆ ತೊಡೆಮೂಳೆಗೂ ಕೆಳಗಿನ ಮೂಳೆಗೂ ನಡುವೆ ಹಗ್ಗದ ಹಾಗೆ ಇರುತ್ತದೆ. ಓಡುತ್ತ ಓಡುತ್ತ ಸಡನ್ ಆಗಿ ದಿಕ್ಕು ಬದಲಿಸಿದಾಗ ಮೂಳೆ ಜಾರದಂತೆ ಹಿಡಿಯುವುದು ಅದೇ. ಹರಿದರೆ ಸಾಮಾನ್ಯವಾಗಿ ಆಪರೇಷನ್, ಆಮೇಲೆ ಒಂಬತ್ತು ತಿಂಗಳೋ ಒಂದು ವರ್ಷವೋ. ಮೊದಲು ನಡೆಯೋದು, ಆಮೇಲೆ ಜಾಗಿಂಗ್, ಆಮೇಲೆ ಬಾಲ್. ಓಟವನ್ನೇ ನಂಬಿದ ವಿಂಗರ್‌ಗೆ ಇದಕ್ಕಿಂತ ದೊಡ್ಡ ಪೆಟ್ಟು ಇಲ್ಲ.

2021ರಲ್ಲಿ ಮಿಯಾಯಿಚಿ ಜಪಾನ್‌ಗೆ ಮರಳಿ ಯೊಕೊಹಾಮಾ ಎಫ್. ಮರಿನೋಸ್ ಸೇರಿದರು. ಹತ್ತು ವರ್ಷ ವಿದೇಶದಲ್ಲಿದ್ದವರಿಗೆ ತಮ್ಮ ದೇಶದ ಲೀಗ್ ಹೊಸದು! 2022ರಲ್ಲಿ ಚೆನ್ನಾಗಿ ಆಡಿದರು. ಸುಮಾರು ಹತ್ತು ವರ್ಷದ ಮೇಲೆ ರಾಷ್ಟ್ರೀಯ ತಂಡದಿಂದ ಕರೆ ಬಂತು, ಪೂರ್ವ ಏಷ್ಯಾದ ಇ-1 ಟೂರ್ನಿಗೆ. ಜುಲೈ 27ರಂದು ದಕ್ಷಿಣ ಕೊರಿಯಾ ವಿರುದ್ಧ ಪಂದ್ಯ. ನಡೆದದ್ದು ಟೊಯೊಟಾ ಸ್ಟೇಡಿಯಂನಲ್ಲಿ, ಅಂದರೆ ಅವರ ಐಚಿಯಲ್ಲೇ, ಒಕಜಾಕಿಯ ಪಕ್ಕದ ಊರು. ಜಪಾನ್ 3–0ರಿಂದ ಗೆದ್ದು ಟೂರ್ನಿಯನ್ನೂ ಗೆದ್ದಿತು. ಬದಲಿಯಾಗಿ ಇಳಿದಿದ್ದ ಮಿಯಾಯಿಚಿ ಬಲ ಮೊಣಕಾಲು ಹಿಡಿದು ಬಿದ್ದರು. ಮತ್ತೆ ಅದೇ ಎಸಿಎಲ್. ಒಟ್ಟು ಮೂರನೇ ಸಲ.

ನಿಜವಾದ ಆನ್‌ಲೈನ್ ಅಲೆ ಎದ್ದಿದ್ದು ಆಗ. ಇನ್ನು ಆಟ ಸಾಕು ಅಂತ ಒಮ್ಮೆ ಅನ್ನಿಸಿತ್ತು ಅಂತ ಅವರೇ ಬರೆದುಕೊಂಡರು. ಮೂರು ದಿನದ ಮೇಲೆ ಮರಿನೋಸ್‌ಗೆ ಕಾಶಿಮಾ ವಿರುದ್ಧ ಲೀಗ್ ಪಂದ್ಯ ಇತ್ತು. ಜೊತೆ ಆಟಗಾರರು ಅವರಿಗೆ ಧೈರ್ಯ ಹೇಳುವ ಟಿ-ಶರ್ಟ್ ಹಾಕಿಕೊಂಡು ಮೈದಾನಕ್ಕೆ ಬಂದರು. ಎದುರಾಳಿ ಕಾಶಿಮಾ ಅಭಿಮಾನಿಗಳೂ ಅವರಿಗಾಗಿ ಬ್ಯಾನರ್ ಹಿಡಿದರು. ಆ ಫೋಟೊಗಳು ಎಲ್ಲೆಡೆ ಹರಿದಾಡಿದವು. ಎದುರಾಳಿ ಗ್ಯಾಲರಿಯಿಂದ ಬರುವ ಮಾತಿಗೆ ಬೇರೆಯೇ ತೂಕ, ಅಲ್ವಾ? ಮಿಯಾಯಿಚಿ ನಿವೃತ್ತಿ ಆಗಲಿಲ್ಲ. ಆ ವರ್ಷ ಮರಿನೋಸ್ ಜಪಾನ್‌ನ ಮೊದಲ ದರ್ಜೆಯ ಜೆ1 ಲೀಗ್ ಗೆದ್ದಾಗ ಅವರು ಇನ್ನೂ ಚಿಕಿತ್ಸೆಯಲ್ಲಿದ್ದರು.

ಸುಮಾರು ಹತ್ತು ತಿಂಗಳ ಮೇಲೆ, 2023ರ ಮೇ ತಿಂಗಳಲ್ಲಿ, ಮತ್ತೆ ಮೈದಾನಕ್ಕೆ ಇಳಿದರು. ಜೂನ್‌ನಲ್ಲಿ ಕಾಶಿವಾ ರೇಸೊಲ್ ವಿರುದ್ಧ ಪಂದ್ಯ 3–3ರಲ್ಲಿ ನಿಂತಿತ್ತು. ಹೆಚ್ಚುವರಿ ನಿಮಿಷಗಳಲ್ಲಿ ಗೆಲುವಿನ ಗೋಲು ಹೊಡೆದದ್ದು ಮಿಯಾಯಿಚಿ. 4–3. ಈ ಗೋಲಿನ ಕ್ಲಿಪ್ಪು ನಿಮ್ಮ ಮಗನ ಹತ್ತಿರ ಇರಲೇಬೇಕು. ಇಲ್ಲದಿದ್ದರೆ ಅವನು ಅರ್ಧ ಅಭಿಮಾನಿ! ಇದಕ್ಕೆ ಬಂದ ಪ್ರತಿಕ್ರಿಯೆಗಳಲ್ಲಿ ಎರಡೂ ಗುಂಪು ಒಟ್ಟಿಗೆ ಸಿಗುತ್ತದೆ. ‘ನಾನು 2011ರಿಂದ ನೋಡ್ತಿದ್ದೀನಿ’ ಅನ್ನುವ ಆರ್ಸೆನಲ್‌ನವರು, ಸೇಂಟ್ ಪೌಲಿಯವರು, ಯೊಕೊಹಾಮಾದವರು, ಆಟ ಗೊತ್ತಿಲ್ಲದೆ ಬರೀ ಕಥೆ ಕೇಳಿ ಬಂದವರು.

ಇಂಥ ಜನಪ್ರಿಯತೆಯನ್ನು ಬೇರೆ ಥರದವುಗಳ ಜೊತೆ ಕಲಸಬೇಡಿ. ಟಕುಮಾ ಅಸಾನೊ ಅಂತ ಇನ್ನೊಬ್ಬರಿದ್ದಾರೆ. 2016ರಲ್ಲಿ ಆರ್ಸೆನಲ್ ಕೊಂಡಿತು, ಪರ್ಮಿಟ್ ಸಿಗದೆ ಆ ತಂಡಕ್ಕೆ ಒಂದು ಪಂದ್ಯವನ್ನೂ ಆಡಲಿಲ್ಲ. 2022ರ ನವೆಂಬರ್ 23ರಂದು ವಿಶ್ವಕಪ್‌ನಲ್ಲಿ ಜರ್ಮನಿ ವಿರುದ್ಧ 83ನೇ ನಿಮಿಷದ ಗೋಲು, ಜಪಾನ್‌ಗೆ 2–1 ಗೆಲುವು. ಒಂದೇ ರಾತ್ರಿಯಲ್ಲಿ ಜಗತ್ತೆಲ್ಲ ಅವರ ಹೆಸರು ಹುಡುಕಿತು. ಅದು ಒಂದು ಗೋಲಿನ ಜನಪ್ರಿಯತೆ.

ಇನ್ನೊಂದು ಥರ ದೇಶಾಭಿಮಾನದ್ದು. ಥಾಯ್ಲೆಂಡಿನ ಚನಾತಿಪ್ 2017ರಲ್ಲಿ ಜಪಾನ್‌ನ ಸಪ್ಪೊರೊ ತಂಡ ಸೇರಿದಾಗ ಥಾಯ್ ಜನ ಆ ಕ್ಲಬ್ಬಿನ ಬೆನ್ನು ಹತ್ತಿದರು. ಅವರು ಆಡಿಯೂ ತೋರಿಸಿದರು, 2018ರಲ್ಲಿ ಜೆ ಲೀಗ್‌ನ ವರ್ಷದ ಅತ್ಯುತ್ತಮ ಹನ್ನೊಂದು ಆಟಗಾರರ ಪಟ್ಟಿಯಲ್ಲಿ ಸ್ಥಾನ ಪಡೆದರು. 2022ರಲ್ಲಿ ಇಂಡೊನೇಷ್ಯಾದ ಪ್ರತಾಮ ಅರ್ಹಾನ್ ಟೋಕಿಯೊ ವೆರ್ಡಿ ಸೇರಿದಾಗ ಕ್ಲಬ್ಬಿನ ಇನ್‌ಸ್ಟಾಗ್ರಾಂ ಫಾಲೋವರ್ ಸಂಖ್ಯೆ ನೆಗೆದೇಬಿಟ್ಟಿತು. ಆದರೆ ಅಲ್ಲಿ ಅವರಿಗೆ ಆಡಲು ಸಿಕ್ಕಿದ್ದು ಬಹಳ ಕಡಿಮೆ. ಮಿಯಾಯಿಚಿ ಹಿಂದೆ ಒಂದು ದೇಶ ನಿಂತು ಎತ್ತಿದ್ದಲ್ಲ, ಅದಕ್ಕೇ ಅವರದು ಸ್ವಲ್ಪ ಅಪರೂಪದ್ದು.

ನಮಗೆ ಹತ್ತಿರದ ಉದಾಹರಣೆ ಬೇಕಾದರೆ ಜಪಾನಿ ಆಟಗಾರ ಕತ್ಸುಮಿ ಯುಸಾ. ಜಪಾನ್‌ನಲ್ಲಿ ಅವರ ಹೆಸರು ಹೇಳಿದರೆ ಯಾರು ಅಂತ ಕೇಳುವವರೇ ಜಾಸ್ತಿ. ಕೋಲ್ಕತ್ತಾದ ಮೋಹನ್ ಬಗಾನ್ ಅಭಿಮಾನಿಗಳ ಹತ್ತಿರ ಹೇಳಿ ನೋಡಿ! 2015ರ ಮೇ 31ರಂದು ಬೆಂಗಳೂರಿನ ಕಂಠೀರವ ಸ್ಟೇಡಿಯಂನಲ್ಲಿ ಬೆಂಗಳೂರು ಎಫ್‌ಸಿ ಜೊತೆ 1–1 ಡ್ರಾ ಮಾಡಿಕೊಂಡು ಐ-ಲೀಗ್ ಟ್ರೋಫಿ ಒಯ್ದ ಬಗಾನ್ ತಂಡದವರು ಅವರು. ಅವತ್ತು ನಮ್ಮವರು ಮೊದಲು ಗೋಲು ಹೊಡೆದಿದ್ದರು. ಕೊನೆ ಗಳಿಗೆಯಲ್ಲಿ ಬಗಾನ್‌ನ ಬೆಲ್ಲೊ ರಜಾಕ್ ಸಮ ಮಾಡಿದರು. ನಮ್ಮೂರಿನವರಿಗೆ ಅದು ಹೊಟ್ಟೆ ಉರಿಯುವ ನೆನಪು, ಬಿಡಿ. ಕತ್ಸುಮಿ ಮೇಲಿನ ಪ್ರೀತಿಗೆ ಕಾರಣ ಕ್ಲಿಪ್ ಅಲ್ಲ. ವರ್ಷಗಟ್ಟಲೆ ಅದೇ ಜೆರ್ಸಿಯಲ್ಲಿ ತೊಂಬತ್ತು ನಿಮಿಷವೂ ಓಡಿದ್ದು.

ಅಸಲಿಯೋ ನಕಲಿಯೋ ಅಂತ ನೀವೇ ನೋಡಬೇಕೆಂದರೆ ಫಾಲೋವರ್ ಸಂಖ್ಯೆ ಬಿಟ್ಟುಬಿಡಿ. ಕಾಮೆಂಟ್ ಓದಿ. ಅದರಲ್ಲಿ ಯಾವುದಾದರೂ ಪಂದ್ಯದ, ಊರಿನ, ವರ್ಷದ ಹೆಸರಿದೆಯಾ? ಆಟಗಾರ ಗಾಯಗೊಂಡು ಕೂತಿದ್ದ ತಿಂಗಳುಗಳಲ್ಲೂ ಜನ ಬರೆಯುತ್ತಿದ್ದರಾ? ಕೊಂಡು ತಂದ ಗುಂಪು ಆಪರೇಷನ್ ಸಮಯದಲ್ಲಿ ಜೊತೆಗೆ ಇರುವುದಿಲ್ಲ.

ಇನ್ನು ಮಗನ ವಿಷಯ. ಕ್ಲಿಪ್ ನೋಡಿ ಆಟದ ಮೇಲೆ ಆಸೆ ಬರುತ್ತದೆ, ಅದು ಒಳ್ಳೆಯದೇ. ಆಟ ಬರುವುದಿಲ್ಲ. ಕ್ಲಿಪ್‌ನಲ್ಲಿ ಬಾಲ್ ಕಳೆದುಕೊಂಡದ್ದು ಇರುವುದಿಲ್ಲ. ಬಾಲ್ ಇಲ್ಲದಾಗ ವಿಂಗರ್ ಹಿಂದೆ ಓಡಿ ತನ್ನ ಹಿಂದಿರುವ ಡಿಫೆಂಡರ್‌ಗೆ ಸಹಾಯ ಮಾಡಿದ್ದೂ ಇರುವುದಿಲ್ಲ. ಮರಿನೋಸ್‌ನ ಒಂದು ಪೂರ್ತಿ ಪಂದ್ಯ ಹುಡುಕಿ ಕೊಡಿ. ಮೊದಲ ಇಪ್ಪತ್ತು ನಿಮಿಷ ಬಾಲ್ ನೋಡದೆ ಎಡ ವಿಂಗರ್‌ನನ್ನೇ ನೋಡು ಅಂತ ಹೇಳಿ. ಬೋರ್ ಆಯ್ತು ಅಂತಾನೆ. ಪರವಾಗಿಲ್ಲ, ಎರಡನೇ ಸಲ ಅಷ್ಟು ಬೋರ್ ಆಗುವುದಿಲ್ಲ.

ಮೊಣಕಾಲಿನ ವಿಚಾರ ಇಷ್ಟು ಓದಿದ ಮೇಲೆ ಇನ್ನೊಂದು ಕೆಲಸ ಮಾಡಿ. ಬಾಲ್ ತಳ್ಳಿ ಓಡೋದನ್ನು ಈ ವಯಸ್ಸಿನ ಹುಡುಗರು ಮೈ ಬಿಸಿ ಮಾಡಿಕೊಳ್ಳದೇ ಶುರು ಮಾಡಿಬಿಡುತ್ತಾರೆ. ‘ಫಿಫಾ 11+’ ಅಂತ ಒಂದು ವಾರ್ಮ್‌ಅಪ್ ಇದೆ. ಹದಿನಾಲ್ಕು ದಾಟಿದವರಿಗೆಂದೇ ಮಾಡಿದ್ದು, ಸುಮಾರು 20 ನಿಮಿಷ, ಒಟ್ಟು 15 ವ್ಯಾಯಾಮ, ಬಾಲ್ ಮತ್ತು ಗುರುತಿಗೆ ಇಡುವ ಕೆಲವು ಕೋನ್ ಬಿಟ್ಟರೆ ಬೇರೆ ಉಪಕರಣ ಬೇಡ. ನಿಧಾನ ಓಟ, ಒಂಟಿ ಕಾಲಲ್ಲಿ ನಿಲ್ಲುವುದು, ಪ್ಲ್ಯಾಂಕ್, ನೆಗೆತ, ಕೊನೆಗೆ ಓಡುತ್ತ ದಿಕ್ಕು ಬದಲಿಸುವುದು. ವಾರಕ್ಕೆ ಎರಡು ಸಲವಾದರೂ ಮಾಡಬೇಕು. ಅವನು ನೆಗೆದು ಇಳಿಯುವಾಗ ನೀವು ಎದುರು ನಿಂತು ನೋಡಿ. ಮೊಣಕಾಲು ಪಾದದ ನೇರಕ್ಕೆ ಇರಬೇಕು, ಒಳಗಡೆ ವಾಲಬಾರದು. ವಾಲುತ್ತಿದ್ದರೆ ಅವನ ಪಿಟಿ ಮೇಷ್ಟ್ರಿಗೆ ಹೇಳಿ. ಈಗಾಗಲೇ ಮೊಣಕಾಲು ನೋವು ಅನ್ನುತ್ತಿದ್ದರೆ ಅಥವಾ ಊದಿಕೊಂಡಿದ್ದರೆ, ಮ್ಯಾಚ್ ಇದೆ ಅಂತ ಕಾಯದೆ ಮೂಳೆ ಡಾಕ್ಟರಿಗೆ ತೋರಿಸಿ.